ಡಿಜಿಟಲ್ ಖಾಸಗಿತನ

ಡಿಜಿಟಲ್ ಖಾಸಗಿತನ ಎಂದರೆ ಗಣಕಯಂತ್ರ, ಸ್ಮಾರ್ಟ್‌ಫೋನ್, ಅಂತರಜಾಲ ಹಾಗೂ ಅವುಗಳನ್ನು ಆಧರಿಸಿದ ಸೇವೆಗಳ ಬಳಕೆಯಿಂದ ಹುಟ್ಟುವ ತನ್ನ ವೈಯಕ್ತಿಕ ಮಾಹಿತಿಯನ್ನು ಯಾರು, ಯಾವ ಉದ್ದೇಶಕ್ಕೆ, ಎಷ್ಟು ಕಾಲ ಬಳಸಬಹುದು ಎಂಬುದನ್ನು ನಿರ್ಧರಿಸಲು ವ್ಯಕ್ತಿಗೆ ಇರುವ ಅಧಿಕಾರ. ಹೆಸರು, ದೂರವಾಣಿ ಸಂಖ್ಯೆ, ಭಾವಚಿತ್ರ, ಬೆರಳಚ್ಚು, ಇರುವ ಸ್ಥಳ, ಹಣಕಾಸಿನ ವ್ಯವಹಾರ, ಹುಡುಕಾಟದ ಇತಿಹಾಸ, ಆಡಿದ ಆಟ, ನೋಡಿದ ಚಲನಚಿತ್ರ ಇವೆಲ್ಲವೂ ಇಂತಹ ಮಾಹಿತಿಯ ವ್ಯಾಪ್ತಿಗೆ ಬರುತ್ತವೆ. ಭಾರತದ ಸರ್ವೋಚ್ಚ ನ್ಯಾಯಾಲಯವು ೨೦೧೭ರಲ್ಲಿ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಘೋಷಿಸಿತು. ಆ ಪ್ರಕರಣದ ಮೊದಲ ಅರ್ಜಿದಾರರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ ಅವರು. ೨೦೨೩ರಲ್ಲಿ ಸಂಸತ್ತು ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯನ್ನು ಅಂಗೀಕರಿಸಿತು.

ಪದದ ಅರ್ಥ

'ಖಾಸಗಿ' ಎಂಬುದು ಅರಬ್ಬಿ ಮೂಲದ 'ಖಾಸ್' ಎಂಬ ಶಬ್ದದಿಂದ ಬಂದು ಕನ್ನಡದಲ್ಲಿ ನೆಲೆಗೊಂಡ ಪದ. ಇದಕ್ಕೆ 'ಸ್ವಂತದ', 'ಸಾರ್ವಜನಿಕವಲ್ಲದ' ಎಂಬ ಅರ್ಥಗಳಿವೆ. ಕನ್ನಡದ ಬರಹಗಳಲ್ಲಿ ಖಾಸಗಿತನ, ಏಕಾಂತತೆ, ಗೋಪ್ಯತೆ ಎಂಬ ಪದಗಳು ಒಂದರ ಬದಲಿಗೆ ಮತ್ತೊಂದು ಎಂಬಂತೆ ಬಳಕೆಯಾಗುವುದುಂಟು. ಆದರೆ ಇವುಗಳಲ್ಲಿ ಸೂಕ್ಷ್ಮವಾದ ವ್ಯತ್ಯಾಸವಿದೆ. ಗೋಪ್ಯವಾದುದು ಇತರರಿಂದ ಮುಚ್ಚಿಟ್ಟದ್ದು. ಖಾಸಗಿಯಾದುದು ಮುಚ್ಚಿಟ್ಟದ್ದೇ ಆಗಿರಬೇಕೆಂದಿಲ್ಲ. ಒಬ್ಬರ ಕಾಯಿಲೆ ವೈದ್ಯರಿಗೆ ತಿಳಿದಿರುತ್ತದೆ, ಸಂಬಳ ಕಚೇರಿಗೆ ತಿಳಿದಿರುತ್ತದೆ, ಮನೆಯ ವಿಳಾಸ ಅಂಚೆಯವರಿಗೆ ತಿಳಿದಿರುತ್ತದೆ. ಒಂದು ಸಂದರ್ಭದಲ್ಲಿ ಒಪ್ಪಿ ಕೊಟ್ಟ ಮಾಹಿತಿಯು ಒಪ್ಪಿಗೆಯಿಲ್ಲದೆ ಮತ್ತೊಂದು ಸಂದರ್ಭಕ್ಕೆ ದಾಟಿದಾಗ ಖಾಸಗಿತನಕ್ಕೆ ಭಂಗ ಬಂದಂತಾಗುತ್ತದೆ. ಈ ಕಾರಣದಿಂದ ಖಾಸಗಿತನವನ್ನು ಗುಟ್ಟು ಎಂಬ ಅರ್ಥಕ್ಕಿಂತ ಹತೋಟಿ ಎಂಬ ಅರ್ಥದಲ್ಲಿ ಗ್ರಹಿಸುವುದು ಹೆಚ್ಚು ಸರಿಯಾದುದು.

ಇತಿಹಾಸ

ಖಾಸಗಿತನದ ಆಧುನಿಕ ಚರ್ಚೆ ಆರಂಭವಾದದ್ದೇ ಗ್ರಾಹಕ ತಂತ್ರಜ್ಞಾನದ ಒಂದು ಹೊಸ ಉಪಕರಣದಿಂದ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಕ್ಷಣಮಾತ್ರದಲ್ಲಿ ಚಿತ್ರ ತೆಗೆಯಬಲ್ಲ, ಕೈಯಲ್ಲಿ ಹಿಡಿಯಬಹುದಾದ ಕ್ಯಾಮೆರಾಗಳು ಅಮೆರಿಕದ ಮಾರುಕಟ್ಟೆಗೆ ಬಂದವು. ಜನಪ್ರಿಯ ಪತ್ರಿಕೆಗಳು ವ್ಯಕ್ತಿಗಳ ಮನೆವಾರ್ತೆಗಳನ್ನು ಪ್ರಕಟಿಸತೊಡಗಿದವು. ಈ ಹಿನ್ನೆಲೆಯಲ್ಲಿ ಸ್ಯಾಮ್ಯುಯೆಲ್ ವಾರೆನ್ ಮತ್ತು ಲೂಯಿ ಬ್ರಾಂಡೈಸ್ ಎಂಬ ವಕೀಲರು ೧೮೯೦ರ ಡಿಸೆಂಬರ್‌ನಲ್ಲಿ 'ಹಾರ್ವರ್ಡ್ ಲಾ ರಿವ್ಯೂ' ಪತ್ರಿಕೆಯಲ್ಲಿ ಖಾಸಗಿತನದ ಹಕ್ಕನ್ನು ಪ್ರತಿಪಾದಿಸುವ ಲೇಖನವನ್ನು ಬರೆದರು. ೧೯೪೮ರಲ್ಲಿ ವಿಶ್ವಸಂಸ್ಥೆಯು ಅಂಗೀಕರಿಸಿದ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ ೧೨ನೆಯ ವಿಧಿಯು ವ್ಯಕ್ತಿಯ ಖಾಸಗಿ ಬದುಕು, ಕುಟುಂಬ, ಮನೆ ಮತ್ತು ಪತ್ರವ್ಯವಹಾರದಲ್ಲಿ ಮನಬಂದಂತೆ ಹಸ್ತಕ್ಷೇಪ ಮಾಡುವುದನ್ನು ನಿಷೇಧಿಸುತ್ತದೆ.

ಅಂತರಜಾಲದ ಬಳಕೆ ವ್ಯಾಪಕವಾದ ಮೇಲೆ ಪ್ರಶ್ನೆಯ ಸ್ವರೂಪವೇ ಬದಲಾಯಿತು. ೧೯೯೪ರಲ್ಲಿ ನೆಟ್‌ಸ್ಕೇಪ್ ಸಂಸ್ಥೆಯ ತಂತ್ರಜ್ಞ ಲೂ ಮೊಂಟುಲಿ ಅವರು 'ಕುಕಿ' ಎಂಬ ವ್ಯವಸ್ಥೆಯನ್ನು ರೂಪಿಸಿದರು. ಜಾಲತಾಣವು ಒಬ್ಬ ಬಳಕೆದಾರನನ್ನು ಮರಳಿ ಗುರುತಿಸಲು, ಉದಾಹರಣೆಗೆ ಖರೀದಿಗೆ ಆರಿಸಿದ ವಸ್ತುಗಳನ್ನು ನೆನಪಿಡಲು, ಇದು ನೆರವಾಗುತ್ತಿತ್ತು. ಇದೇ ವ್ಯವಸ್ಥೆ ಮುಂದೆ ಜಾಹೀರಾತು ಸಂಸ್ಥೆಗಳು ಒಬ್ಬನೇ ವ್ಯಕ್ತಿಯನ್ನು ಹಲವು ತಾಣಗಳಲ್ಲಿ ಹಿಂಬಾಲಿಸುವ ಸಾಧನವಾಯಿತು.

೨೦೧೩ರ ಜೂನ್‌ನಲ್ಲಿ ಎಡ್ವರ್ಡ್ ಸ್ನೋಡೆನ್ ಅವರು ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆಯ ವ್ಯಾಪಕ ಕಣ್ಗಾವಲಿನ ದಾಖಲೆಗಳನ್ನು ಬಹಿರಂಗಪಡಿಸಿದರು. ೨೦೧೮ರ ಮಾರ್ಚ್‌ನಲ್ಲಿ ಕೇಂಬ್ರಿಡ್ಜ್ ಅನಲಿಟಿಕಾ ಪ್ರಕರಣ ಬೆಳಕಿಗೆ ಬಂದಿತು. ಫೇಸ್‌ಬುಕ್‌ನ ಸುಮಾರು ೮.೭ ಕೋಟಿ ಬಳಕೆದಾರರ ಮಾಹಿತಿ ಅನುಚಿತವಾಗಿ ಹಂಚಿಕೆಯಾಗಿರಬಹುದೆಂದು ಆ ಸಂಸ್ಥೆಯೇ ತಿಳಿಸಿತು. ಇವರಲ್ಲಿ ಬಹುಪಾಲು ಜನರು ಆ ಮಾಹಿತಿಯನ್ನು ಸಂಗ್ರಹಿಸಿದ ರಸಪ್ರಶ್ನೆಯ ಆ್ಯಪ್ ಅನ್ನು ತಾವು ಬಳಸಿರಲಿಲ್ಲ. ಅವರ ಸ್ನೇಹಿತರು ಬಳಸಿದ್ದರು. ಒಬ್ಬರ ಒಪ್ಪಿಗೆ ಮತ್ತೊಬ್ಬರ ಮಾಹಿತಿಯ ಬಾಗಿಲನ್ನು ತೆರೆಯಬಲ್ಲದು ಎಂಬುದು ಇದರಿಂದ ಸ್ಪಷ್ಟವಾಯಿತು. ಅದೇ ವರ್ಷ ಮೇ ೨೫ರಂದು ಐರೋಪ್ಯ ಒಕ್ಕೂಟದ ಸಾಮಾನ್ಯ ದತ್ತಾಂಶ ಸಂರಕ್ಷಣಾ ನಿಯಮಾವಳಿ ಜಾರಿಗೆ ಬಂದಿತು.

ದತ್ತಾಂಶ ಸಂಗ್ರಹದ ವಿಧಾನಗಳು

ಬಳಕೆದಾರನು ತಾನಾಗಿ ಕೊಡುವ ಮಾಹಿತಿಗಿಂತ ಅವನ ಅರಿವಿಗೆ ಬಾರದೆ ಸಂಗ್ರಹವಾಗುವ ಮಾಹಿತಿಯೇ ಹೆಚ್ಚು. ಮುಖ್ಯವಾದ ವಿಧಾನಗಳು ಇವು:

ಅನುಮತಿಗಳು: ಆ್ಯಪ್ ಒಂದು ಕ್ಯಾಮೆರಾ, ಧ್ವನಿಗ್ರಾಹಕ, ಸಂಪರ್ಕಪಟ್ಟಿ, ಸ್ಥಳ ಮೊದಲಾದವುಗಳನ್ನು ಬಳಸಲು ಅನುಮತಿ ಕೇಳುತ್ತದೆ. ೨೦೧೫ರಲ್ಲಿ ಬಂದ ಆಂಡ್ರಾಯ್ಡ್ ೬ನೆಯ ಆವೃತ್ತಿಯಿಂದ ಇಂತಹ ಅನುಮತಿಗಳನ್ನು ಒಂದೊಂದಾಗಿ ಕೊಡುವ ಅಥವಾ ನಿರಾಕರಿಸುವ ಅವಕಾಶ ದೊರೆಯಿತು. ಅದಕ್ಕೂ ಮೊದಲು ಆ್ಯಪ್ ಅನ್ನು ಅಳವಡಿಸುವಾಗಲೇ ಎಲ್ಲ ಅನುಮತಿಗಳನ್ನೂ ಒಟ್ಟಾಗಿ ಒಪ್ಪಬೇಕಾಗಿತ್ತು.

ಜಾಹೀರಾತು ಗುರುತು: ಪ್ರತಿ ಸ್ಮಾರ್ಟ್‌ಫೋನಿಗೆ ಜಾಹೀರಾತಿನ ಉದ್ದೇಶದ ಒಂದು ಗುರುತುಸಂಖ್ಯೆ ಇರುತ್ತದೆ. ಬೇರೆ ಬೇರೆ ಆ್ಯಪ್‌ಗಳು ಕಳುಹಿಸುವ ಮಾಹಿತಿಯನ್ನು ಒಂದೇ ವ್ಯಕ್ತಿಗೆ ಜೋಡಿಸಲು ಇದು ನೆರವಾಗುತ್ತದೆ. ೨೦೨೧ರ ಏಪ್ರಿಲ್‌ನಲ್ಲಿ ಆ್ಯಪಲ್ ಸಂಸ್ಥೆಯು ತನ್ನ ಐಫೋನುಗಳಲ್ಲಿ ಇಂತಹ ಜಾಡು ಹಿಡಿಯುವಿಕೆಗೆ ಬಳಕೆದಾರನ ಅನುಮತಿಯನ್ನು ಕಡ್ಡಾಯಗೊಳಿಸಿತು.

ಉಪದತ್ತಾಂಶ: ಸಂದೇಶದ ಒಳಗಿನ ಮಾತನ್ನು ಬಿಟ್ಟು, ಅದನ್ನು ಯಾರು ಯಾರಿಗೆ ಯಾವಾಗ ಎಲ್ಲಿಂದ ಕಳುಹಿಸಿದರು ಎಂಬ ವಿವರವೇ ಉಪದತ್ತಾಂಶ. ಅಂಚೆ ಕಾರ್ಡಿನಲ್ಲಿ ಬರೆದುದನ್ನು ದಾರಿಯಲ್ಲಿ ಯಾರು ಬೇಕಾದರೂ ಓದಬಹುದು. ಅಂಟಿಸಿದ ಲಕೋಟೆಯ ಒಳಗಿನ ಪತ್ರವನ್ನು ಓದಲಾಗದು, ಆದರೆ ಮೇಲಿನ ವಿಳಾಸ ಮತ್ತು ಮುದ್ರೆ ಎಲ್ಲರಿಗೂ ಕಾಣುತ್ತವೆ. ವಾಟ್ಸ್‌ಆ್ಯಪ್ ೨೦೧೬ರ ಏಪ್ರಿಲ್‌ನಲ್ಲಿ ಎಲ್ಲ ಬಳಕೆದಾರರಿಗೂ ಒದಗಿಸಿದ ಆದ್ಯಂತ ಗೂಢಲಿಪೀಕರಣವು ಪತ್ರವನ್ನು ಲಕೋಟೆಯಲ್ಲಿಟ್ಟ ಹಾಗೆ. ಲಕೋಟೆಯ ಮೇಲಿನ ವಿವರಗಳಿಗೆ ಈ ರಕ್ಷಣೆ ಪೂರ್ಣವಾಗಿ ಅನ್ವಯಿಸುವುದಿಲ್ಲ.

ಗೃಹೋಪಕರಣಗಳು: ಸ್ಮಾರ್ಟ್ ದೂರದರ್ಶಕ, ಧ್ವನಿ ಸಹಾಯಕ, ಕೈಗಡಿಯಾರ ಮುಂತಾದವು ಸಹ ಮಾಹಿತಿಯನ್ನು ಸಂಗ್ರಹಿಸುತ್ತವೆ. ದೂರದರ್ಶಕಗಳನ್ನು ತಯಾರಿಸುವ ವಿಝಿಯೋ ಸಂಸ್ಥೆಯು ವೀಕ್ಷಕರ ಸಮ್ಮತಿಯಿಲ್ಲದೆ ಅವರು ಏನನ್ನು ನೋಡುತ್ತಿದ್ದಾರೆಂಬ ವಿವರವನ್ನು ಸಂಗ್ರಹಿಸಿತೆಂಬ ಆರೋಪದ ಪ್ರಕರಣದಲ್ಲಿ ೨೦೧೭ರಲ್ಲಿ ೨೨ ಲಕ್ಷ ಡಾಲರ್ ಪಾವತಿಸಲು ಒಪ್ಪಿತು. ಆ ಪ್ರಕರಣವು ಸುಮಾರು ೧.೧ ಕೋಟಿ ದೂರದರ್ಶಕಗಳಿಗೆ ಸಂಬಂಧಿಸಿತ್ತು.

ಜನಸಾಮಾನ್ಯರ ಅಭಿಪ್ರಾಯಗಳು

ಡಿಜಿಟಲ್ ಖಾಸಗಿತನದ ಬಗ್ಗೆ ದಿನನಿತ್ಯದ ಮಾತುಕತೆಯಲ್ಲಿ ಕೆಲವು ಅಭಿಪ್ರಾಯಗಳು ಮತ್ತೆ ಮತ್ತೆ ಕೇಳಿಬರುತ್ತವೆ. ಜನರು ಖಾಸಗಿತನ ಮುಖ್ಯವೆಂದು ಹೇಳುತ್ತಲೇ ಸಣ್ಣ ಅನುಕೂಲಕ್ಕಾಗಿ ಅದನ್ನು ಬಿಟ್ಟುಕೊಡುವುದನ್ನು ಸಂಶೋಧಕರು 'ಖಾಸಗಿತನದ ವಿರೋಧಾಭಾಸ' ಎಂದು ಕರೆಯುತ್ತಾರೆ.

ಮುಚ್ಚಿಡುವಂಥದ್ದು ನನ್ನಲ್ಲೇನಿದೆ?

ತಪ್ಪು ಮಾಡದವರು ಅಂಜಬೇಕಾಗಿಲ್ಲ ಎಂಬುದು ಈ ವಾದದ ತಿರುಳು. ಅಮೆರಿಕದ ಕಾನೂನು ವಿದ್ವಾಂಸ ಡೇನಿಯಲ್ ಸೊಲೊವ್ ಅವರು ಇದನ್ನು ವಿಸ್ತಾರವಾಗಿ ವಿಮರ್ಶಿಸಿದ್ದಾರೆ. ಖಾಸಗಿತನವನ್ನು ಕೆಟ್ಟದ್ದನ್ನು ಅಡಗಿಸುವ ಸಾಧನವೆಂದು ಭಾವಿಸಿರುವುದೇ ಈ ವಾದದ ದೋಷವೆಂದು ಅವರು ತೋರಿಸಿದ್ದಾರೆ. ಸ್ನಾನದ ಮನೆಗೆ ಬಾಗಿಲಿರುವುದು ಒಳಗೆ ಅಪರಾಧ ನಡೆಯುತ್ತದೆಂಬ ಕಾರಣಕ್ಕಲ್ಲ. ಅಲ್ಲದೆ, ಬಿಡಿಬಿಡಿಯಾಗಿ ಅಮುಖ್ಯವೆನಿಸುವ ವಿವರಗಳು ಒಟ್ಟುಗೂಡಿದಾಗ ಹೊಸ ಅರ್ಥವನ್ನು ಕೊಡುತ್ತವೆ. ಔಷಧದಂಗಡಿಯ ಬಿಲ್ಲು, ಆಸ್ಪತ್ರೆಯ ಸಮೀಪದ ಸ್ಥಳ ಮಾಹಿತಿ ಮತ್ತು ಒಂದು ಹುಡುಕಾಟ ಈ ಮೂರೂ ಸೇರಿದರೆ, ವ್ಯಕ್ತಿಯು ಯಾರಿಗೂ ಹೇಳದ ಕಾಯಿಲೆಯನ್ನು ಊಹಿಸಬಹುದು. ಆ ಊಹೆ ತಪ್ಪಾಗಿದ್ದರೂ ವ್ಯಕ್ತಿಗೆ ಅದನ್ನು ತಿದ್ದುವ ಅವಕಾಶ ಇರುವುದಿಲ್ಲ.

ಉಚಿತ ಸೇವೆಗೆ ಮಾಹಿತಿಯೇ ಬೆಲೆ

ಹುಡುಕಾಟ, ಅಂಚೆ, ನಕ್ಷೆ, ಸಂದೇಶ ಸೇವೆಗಳು ಹಣವಿಲ್ಲದೆ ದೊರೆಯುತ್ತಿರುವಾಗ ಅದಕ್ಕೆ ಪ್ರತಿಯಾಗಿ ಜಾಹೀರಾತನ್ನು ನೋಡುವುದು ನ್ಯಾಯವಾದ ವಿನಿಮಯವೆಂದು ಹಲವರು ಭಾವಿಸುತ್ತಾರೆ. ಹಣ ಕೊಟ್ಟು ಸೇವೆ ಪಡೆಯಲಾಗದ ವಿದ್ಯಾರ್ಥಿಗೆ ಈ ವ್ಯವಸ್ಥೆಯಿಂದ ನಿಜವಾದ ಪ್ರಯೋಜನವಿದೆ ಎಂಬುದನ್ನು ಅಲ್ಲಗಳೆಯಲಾಗದು. ಆದರೆ ಸಂತೆಯಲ್ಲಿ ಕೊಳ್ಳುವವನಿಗೆ ಬೆಲೆ ತಿಳಿದಿರುತ್ತದೆ; ಇಲ್ಲಿ ಯಾವ ಮಾಹಿತಿ ಎಷ್ಟು ಮಂದಿಗೆ ಹೋಯಿತೆಂಬುದು ತಿಳಿಯುವುದಿಲ್ಲ. ಹಣ ಕೊಟ್ಟು ಕೊಂಡ ಉಪಕರಣಗಳು ಸಹ ಮಾಹಿತಿಯನ್ನು ಸಂಗ್ರಹಿಸುವುದರಿಂದ, ಹಣ ಕೊಟ್ಟರೆ ಖಾಸಗಿತನ ತಾನಾಗಿ ದೊರೆಯುತ್ತದೆಂಬ ನಂಬಿಕೆಯೂ ನಿಲ್ಲುವುದಿಲ್ಲ. ಶೋಶಾನಾ ಝುಬಾಫ್ ಅವರು ಮಾನವ ಅನುಭವವನ್ನೇ ಕಚ್ಚಾವಸ್ತುವಾಗಿಸಿಕೊಂಡ ಈ ಆರ್ಥಿಕತೆಯನ್ನು 'ಕಣ್ಗಾವಲು ಬಂಡವಾಳಶಾಹಿ' ಎಂದು ಕರೆದು, ೨೦೧೯ರಲ್ಲಿ ಆ ಕುರಿತು ಗ್ರಂಥವೊಂದನ್ನು ಪ್ರಕಟಿಸಿದರು.

ಫೋನು ನಮ್ಮ ಮಾತನ್ನು ಕದ್ದು ಕೇಳುತ್ತದೆ

ಗೋಡೆಗೂ ಕಿವಿಯುಂಟು ಎಂಬ ಗಾದೆ ಹಳೆಯದು. ಮನೆಯಲ್ಲಿ ಮಾತನಾಡಿದ ವಸ್ತುವಿನ ಜಾಹೀರಾತು ಸ್ವಲ್ಪ ಹೊತ್ತಿನಲ್ಲೇ ಫೋನಿನಲ್ಲಿ ಕಾಣಿಸಿಕೊಂಡಾಗ ಈ ಗಾದೆ ನಿಜವೆನಿಸುವುದು ಸಹಜ. ಅಮೆರಿಕದ ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾಲಯದ ಸಂಶೋಧಕರು ೧೭ ಸಾವಿರಕ್ಕೂ ಹೆಚ್ಚು ಆಂಡ್ರಾಯ್ಡ್ ಆ್ಯಪ್‌ಗಳನ್ನು ಪರಿಶೀಲಿಸಿ ೨೦೧೮ರಲ್ಲಿ ವರದಿ ಪ್ರಕಟಿಸಿದರು. ಆ್ಯಪ್‌ಗಳು ಗುಟ್ಟಾಗಿ ಧ್ವನಿಯನ್ನು ಮುದ್ರಿಸಿ ಕಳುಹಿಸಿದ ನಿದರ್ಶನ ಅವರಿಗೆ ದೊರೆಯಲಿಲ್ಲ; ಆದರೆ ಕೆಲವು ಆ್ಯಪ್‌ಗಳು ಪರದೆಯ ಚಿತ್ರವನ್ನು ಸೆರೆಹಿಡಿದು ಹೊರಗೆ ಕಳುಹಿಸುತ್ತಿದ್ದುದು ಕಂಡುಬಂದಿತು. ಸ್ಥಳ, ಹಿಂದಿನ ಹುಡುಕಾಟ, ಒಂದೇ ವೈಫೈ ಬಳಸುವ ಮನೆಯವರ ಆಸಕ್ತಿ ಇವುಗಳಿಂದಲೇ ಜಾಹೀರಾತುದಾರರು ಸಾಕಷ್ಟು ಊಹಿಸಬಲ್ಲರು. ಅದಕ್ಕೆ ಮಾತನ್ನು ಕೇಳಬೇಕಾದ ಅಗತ್ಯವಿಲ್ಲ. ಧ್ವನಿ ಸಹಾಯಕಗಳ ವಿಷಯ ಬೇರೆ. ಸಿರಿ, ಅಲೆಕ್ಸಾ ಮತ್ತು ಗೂಗಲ್ ಸಹಾಯಕಗಳ ಧ್ವನಿಮುದ್ರಣಗಳ ಒಂದು ಭಾಗವನ್ನು ಗುಣಮಟ್ಟ ಪರೀಕ್ಷೆಗಾಗಿ ನೌಕರರು ಅಥವಾ ಗುತ್ತಿಗೆದಾರರು ಆಲಿಸುತ್ತಿದ್ದುದು ೨೦೧೯ರಲ್ಲಿ ಬಹಿರಂಗವಾಯಿತು. ಆ ವರ್ಷದ ಆಗಸ್ಟ್‌ನಲ್ಲಿ ಆ್ಯಪಲ್ ಸಂಸ್ಥೆಯು ಕ್ಷಮೆ ಕೋರಿತು.

ಎಲ್ಲವೂ ಈಗಾಗಲೇ ಅವರ ಬಳಿ ಇದೆ

ಮಾಹಿತಿ ಎಂದೋ ಸೋರಿಹೋಗಿದೆ, ಇನ್ನು ಎಚ್ಚರ ವಹಿಸಿ ಫಲವಿಲ್ಲ ಎಂಬ ನಿರಾಶೆಯೂ ಸಾಮಾನ್ಯವಾದುದು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆ ಒಮ್ಮೆ ಹೊರಬಿದ್ದ ಬೆರಳಚ್ಚಿಗೂ ಮುಖಚಹರೆಗೂ ಹೊಂದುತ್ತದೆ. ಗುಪ್ತಪದವನ್ನು ಬದಲಾಯಿಸಬಹುದು, ಬೆರಳನ್ನು ಬದಲಾಯಿಸಲಾಗದು. ಆದರೆ ಬಹುತೇಕ ಮಾಹಿತಿ ಕಾಲ ಕಳೆದಂತೆ ಹಳತಾಗುತ್ತದೆ. ನಿನ್ನೆಯ ಸ್ಥಳ ಮಾಹಿತಿ ಸೋರಿದ್ದರೂ ನಾಳೆಯದನ್ನು ತಡೆಯುವುದಕ್ಕೆ ಅರ್ಥವಿದೆ. ಸಾರ್ವಜನಿಕ ಒತ್ತಡದಿಂದ ಸಂಸ್ಥೆಗಳು ತಮ್ಮ ನೀತಿಯನ್ನು ಬದಲಿಸಿದ ಉದಾಹರಣೆಗಳೂ ಇವೆ.

ಕುಟುಂಬದೊಳಗಿನ ಖಾಸಗಿತನ

ಖಾಸಗಿತನದ ಚರ್ಚೆ ಬಹುಮಟ್ಟಿಗೆ ಕಂಪನಿ ಮತ್ತು ಸರ್ಕಾರಗಳನ್ನು ಕುರಿತು ನಡೆಯುತ್ತದೆ. ಒಂದೇ ಫೋನನ್ನು ಮನೆಮಂದಿಯೆಲ್ಲ ಬಳಸುವ ಕಡೆಗಳಲ್ಲಿ ಪ್ರಶ್ನೆ ಮನೆಯೊಳಗೇ ಹುಟ್ಟುತ್ತದೆ. ಹೆಣ್ಣುಮಕ್ಕಳ ಫೋನನ್ನು ಪರಿಶೀಲಿಸುವುದು ಕಾಳಜಿಯೇ ಅಥವಾ ನಿಯಂತ್ರಣವೇ, ಮಕ್ಕಳ ಭಾವಚಿತ್ರವನ್ನು ತಂದೆತಾಯಿಗಳು ಜಾಲದಲ್ಲಿ ಹಂಚುವುದು ಸರಿಯೇ, ವೃದ್ಧರ ಬ್ಯಾಂಕ್ ವ್ಯವಹಾರವನ್ನು ಮಕ್ಕಳು ನಿರ್ವಹಿಸುವಾಗ ಮಿತಿ ಯಾವುದು ಎಂಬ ಪ್ರಶ್ನೆಗಳಿಗೆ ಕಾನೂನಿನಲ್ಲಿ ನೇರವಾದ ಉತ್ತರವಿಲ್ಲ.

ವಿಡಿಯೋ ಆಟಗಳು ಮತ್ತು ಖಾಸಗಿತನ

ವಿಡಿಯೋ ಆಟಗಳು ಆಟಗಾರನ ಪ್ರತಿಕ್ರಿಯೆಯ ವೇಗ, ಸಹನೆ, ಸೋತಾಗಿನ ವರ್ತನೆ, ಹಣ ಖರ್ಚು ಮಾಡುವ ಕ್ಷಣ ಇವೆಲ್ಲವನ್ನೂ ದಾಖಲಿಸಬಲ್ಲವು. ಹೀಗಾಗಿ ಮನರಂಜನೆಯ ಕ್ಷೇತ್ರದಲ್ಲಿ ಅತಿ ಸೂಕ್ಷ್ಮ ಮಾಹಿತಿ ದೊರೆಯುವ ಮಾಧ್ಯಮಗಳಲ್ಲಿ ಇದೂ ಒಂದು.

ಆಟಗಾರರ ಸಮುದಾಯವು ಖಾಸಗಿತನದ ವಿಷಯದಲ್ಲಿ ಬಹಳ ಹಿಂದೆಯೇ ದನಿ ಎತ್ತಿತ್ತು. ೨೦೧೦ರ ಜುಲೈನಲ್ಲಿ ಬ್ಲಿಝಾರ್ಡ್ ಸಂಸ್ಥೆಯು ತನ್ನ ಚರ್ಚಾವೇದಿಕೆಗಳಲ್ಲಿ ಆಟಗಾರರ ನಿಜನಾಮವನ್ನು ಪ್ರದರ್ಶಿಸಲಾಗುವುದೆಂದು ಪ್ರಕಟಿಸಿತು. ನಿಜನಾಮದಿಂದ ಕಿರುಕುಳ ಹೆಚ್ಚುತ್ತದೆಂದು ಆಟಗಾರರು ತೀವ್ರವಾಗಿ ವಿರೋಧಿಸಿದ್ದರಿಂದ ಕೆಲವೇ ದಿನಗಳಲ್ಲಿ ಆ ಯೋಜನೆಯನ್ನು ಕೈಬಿಡಲಾಯಿತು. ೨೦೧೩ರಲ್ಲಿ ಮೈಕ್ರೋಸಾಫ್ಟ್ ಪ್ರಕಟಿಸಿದ ಎಕ್ಸ್‌ಬಾಕ್ಸ್ ಒನ್ ಯಂತ್ರವು ಕಿನೆಕ್ಟ್ ಎಂಬ ಕ್ಯಾಮೆರಾ ಮತ್ತು ಧ್ವನಿಗ್ರಾಹಕವನ್ನು ಜೋಡಿಸದೆ ಕೆಲಸ ಮಾಡುವಂತಿರಲಿಲ್ಲ. ಕೋಣೆಯಲ್ಲಿ ಸದಾ ಎಚ್ಚರವಾಗಿರುವ ಕ್ಯಾಮೆರಾ ಬೇಡವೆಂಬ ಆಕ್ಷೇಪಣೆಗಳ ನಂತರ, ಯಂತ್ರವು ಮಾರುಕಟ್ಟೆಗೆ ಬರುವ ಮೊದಲೇ ಈ ನಿಬಂಧನೆಯನ್ನು ಸಡಿಲಿಸಲಾಯಿತು.

೨೦೧೧ರ ಏಪ್ರಿಲ್‌ನಲ್ಲಿ ಸೋನಿ ಸಂಸ್ಥೆಯ ಪ್ಲೇಸ್ಟೇಷನ್ ಜಾಲಕ್ಕೆ ಕನ್ನ ಬಿದ್ದು ಸುಮಾರು ೭.೭ ಕೋಟಿ ಖಾತೆಗಳ ಮಾಹಿತಿ ಅಪಾಯಕ್ಕೊಳಗಾಯಿತು; ಸೇವೆ ಮೂರು ವಾರಗಳಿಗೂ ಹೆಚ್ಚು ಕಾಲ ಸ್ಥಗಿತಗೊಂಡಿತ್ತು. ೨೦೨೨ರ ಡಿಸೆಂಬರ್‌ನಲ್ಲಿ 'ಫೋರ್ಟ್‌ನೈಟ್' ಆಟದ ತಯಾರಕರಾದ ಎಪಿಕ್ ಗೇಮ್ಸ್ ಅಮೆರಿಕದ ಫೆಡರಲ್ ವ್ಯಾಪಾರ ಆಯೋಗದೊಂದಿಗೆ ಒಟ್ಟು ೫೨ ಕೋಟಿ ಡಾಲರ್‌ಗಳ ಒಪ್ಪಂದಕ್ಕೆ ಬಂದಿತು. ಇದರಲ್ಲಿ ೨೭.೫ ಕೋಟಿ ಮಕ್ಕಳ ಖಾಸಗಿತನದ ಉಲ್ಲಂಘನೆಗೆ ಸಂಬಂಧಿಸಿದ್ದು, ಉಳಿದ ೨೪.೫ ಕೋಟಿ ಆಟಗಾರರನ್ನು ಮರುಳುಗೊಳಿಸಿ ಖರೀದಿ ಮಾಡಿಸುವ ವಿನ್ಯಾಸಕ್ಕೆ ಸಂಬಂಧಿಸಿದ್ದು.

ಭಾರತದಲ್ಲಿ ೨೦೨೦ರ ಜೂನ್ ೨೯ರಂದು ಟಿಕ್‌ಟಾಕ್ ಸೇರಿದಂತೆ ೫೯ ಆ್ಯಪ್‌ಗಳನ್ನೂ ಸೆಪ್ಟೆಂಬರ್ ೨ರಂದು ಪಬ್‌ಜಿ ಮೊಬೈಲ್ ಸೇರಿದಂತೆ ೧೧೮ ಆ್ಯಪ್‌ಗಳನ್ನೂ ಮಾಹಿತಿ ತಂತ್ರಜ್ಞಾನ ಕಾಯ್ದೆಯ ೬೯ಎ ಸೆಕ್ಷನ್ನಿನ ಅಡಿಯಲ್ಲಿ ನಿಷೇಧಿಸಲಾಯಿತು. ಬಳಕೆದಾರರ ಮಾಹಿತಿಯು ಅನಧಿಕೃತವಾಗಿ ದೇಶದ ಹೊರಗಿನ ಸರ್ವರುಗಳಿಗೆ ಹೋಗುತ್ತಿದೆ ಎಂಬ ದೂರುಗಳನ್ನು ಸರ್ಕಾರ ಕಾರಣವಾಗಿ ನೀಡಿತು. ಹಣವನ್ನು ಪಣವಾಗಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಲು ಕರ್ನಾಟಕವು ೨೦೨೧ರಲ್ಲಿ ಪೊಲೀಸ್ ಕಾಯ್ದೆಗೆ ತಂದ ತಿದ್ದುಪಡಿಯ ಮುಖ್ಯ ಅಂಶಗಳನ್ನು ರಾಜ್ಯದ ಉಚ್ಚ ನ್ಯಾಯಾಲಯವು ೨೦೨೨ರ ಫೆಬ್ರವರಿ ೧೪ರಂದು ರದ್ದುಗೊಳಿಸಿತು. ೨೦೨೫ರ ಆಗಸ್ಟ್‌ನಲ್ಲಿ ಸಂಸತ್ತು ಹಣದ ಆನ್‌ಲೈನ್ ಆಟಗಳನ್ನು ದೇಶದಾದ್ಯಂತ ನಿಷೇಧಿಸುವ ಕಾಯ್ದೆಯನ್ನು ಅಂಗೀಕರಿಸಿತು.

ಭಾರತದಲ್ಲಿ ಕಾನೂನಿನ ಬೆಳವಣಿಗೆ

ಆರಂಭಿಕ ತೀರ್ಪುಗಳು

ಭಾರತದ ಸಂವಿಧಾನದಲ್ಲಿ ಖಾಸಗಿತನ ಎಂಬ ಪದ ಹಕ್ಕಾಗಿ ನಮೂದಾಗಿಲ್ಲ. ಎಂ. ಪಿ. ಶರ್ಮಾ ಪ್ರಕರಣದಲ್ಲಿ (೧೯೫೪) ಎಂಟು ನ್ಯಾಯಮೂರ್ತಿಗಳ ಪೀಠವೂ ಖರಕ್ ಸಿಂಗ್ ಪ್ರಕರಣದಲ್ಲಿ (೧೯೬೨) ಆರು ನ್ಯಾಯಮೂರ್ತಿಗಳ ಪೀಠವೂ ಇಂತಹ ಮೂಲಭೂತ ಹಕ್ಕನ್ನು ಮಾನ್ಯ ಮಾಡಲಿಲ್ಲ. ಎರಡನೆಯ ಪ್ರಕರಣದಲ್ಲಿ ನ್ಯಾಯಮೂರ್ತಿ ಸುಬ್ಬರಾವ್ ಅವರು ಭಿನ್ನಮತದ ತೀರ್ಪು ನೀಡಿ, ಖಾಸಗಿತನವು ವೈಯಕ್ತಿಕ ಸ್ವಾತಂತ್ರ್ಯದ ಅವಿಭಾಜ್ಯ ಅಂಗವೆಂದರು. ಮುಂದೆ ಗೋವಿಂದ್ ಪ್ರಕರಣ (೧೯೭೫) ಮತ್ತು ದೂರವಾಣಿ ಕದ್ದಾಲಿಕೆಗೆ ಸಂಬಂಧಿಸಿದ ಪಿ.ಯು.ಸಿ.ಎಲ್. ಪ್ರಕರಣಗಳಲ್ಲಿ ಸಣ್ಣ ಪೀಠಗಳು ಈ ಹಕ್ಕನ್ನು ಮಿತವಾಗಿ ಒಪ್ಪಿದವು.

ಪುಟ್ಟಸ್ವಾಮಿ ಪ್ರಕರಣ

ಆಧಾರ್ ಯೋಜನೆಯು ಆಗ ಯಾವುದೇ ಕಾಯ್ದೆಯ ಬೆಂಬಲವಿಲ್ಲದೆ ಜನರ ಬೆರಳಚ್ಚು ಮತ್ತು ಕಣ್ಪಾಪೆಯ ಚಿತ್ರಗಳನ್ನು ಸಂಗ್ರಹಿಸುತ್ತಿತ್ತು. ಇದನ್ನು ಪ್ರಶ್ನಿಸಿ ನ್ಯಾಯಮೂರ್ತಿ ಪುಟ್ಟಸ್ವಾಮಿ ಅವರು ೨೦೧೨ರಲ್ಲಿ, ತಮ್ಮ ೮೬ನೆಯ ವಯಸ್ಸಿನಲ್ಲಿ, ಸರ್ವೋಚ್ಚ ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸಿದರು. ಖಾಸಗಿತನ ಮೂಲಭೂತ ಹಕ್ಕೇ ಅಲ್ಲವೆಂದು ಸರ್ಕಾರ ವಾದಿಸಿದ್ದರಿಂದ ಆ ಪ್ರಶ್ನೆಯನ್ನು ಒಂಬತ್ತು ನ್ಯಾಯಮೂರ್ತಿಗಳ ಪೀಠಕ್ಕೆ ಒಪ್ಪಿಸಲಾಯಿತು. ಮುಖ್ಯ ನ್ಯಾಯಮೂರ್ತಿ ಜೆ. ಎಸ್. ಖೇಹರ್ ನೇತೃತ್ವದ ಪೀಠವು ೨೦೧೭ರ ಆಗಸ್ಟ್ ೨೪ರಂದು ಸರ್ವಾನುಮತದಿಂದ ಖಾಸಗಿತನವನ್ನು ಸಂವಿಧಾನದ ೨೧ನೆಯ ವಿಧಿಯ ಹಾಗೂ ಮೂರನೆಯ ಭಾಗದ ಸ್ವಾತಂತ್ರ್ಯಗಳ ಅಂಗವೆಂದು ಘೋಷಿಸಿತು. ಹಿಂದಿನ ಎರಡು ತೀರ್ಪುಗಳು ಈ ಮಟ್ಟಿಗೆ ಅಸಿಂಧುವಾದವು. ಈ ಹಕ್ಕನ್ನು ನಿರ್ಬಂಧಿಸಲು ಕಾಯ್ದೆಯ ಆಧಾರ, ನ್ಯಾಯಸಮ್ಮತ ಉದ್ದೇಶ ಮತ್ತು ಉದ್ದೇಶಕ್ಕೆ ತಕ್ಕ ಪ್ರಮಾಣ ಇರಬೇಕೆಂದು ನ್ಯಾಯಾಲಯ ವಿಧಿಸಿತು.

೨೦೧೮ರ ಸೆಪ್ಟೆಂಬರ್ ೨೬ರಂದು ಐವರು ನ್ಯಾಯಮೂರ್ತಿಗಳ ಪೀಠವು ೪:೧ರ ಬಹುಮತದಿಂದ ಆಧಾರ್ ಕಾಯ್ದೆಯನ್ನು ಎತ್ತಿಹಿಡಿಯಿತು. ಆದರೆ ಬ್ಯಾಂಕ್ ಖಾತೆ ಮತ್ತು ಮೊಬೈಲ್ ಸಂಖ್ಯೆಗೆ ಆಧಾರ್ ಜೋಡಣೆಯ ಕಡ್ಡಾಯವನ್ನು ರದ್ದುಗೊಳಿಸಿತು. ನ್ಯಾಯಮೂರ್ತಿ ಡಿ. ವೈ. ಚಂದ್ರಚೂಡ್ ಅವರದು ಭಿನ್ನಮತ. ಪುಟ್ಟಸ್ವಾಮಿ ಅವರು ೨೦೨೪ರ ಅಕ್ಟೋಬರ್‌ನಲ್ಲಿ ತಮ್ಮ ೯೮ನೆಯ ವಯಸ್ಸಿನಲ್ಲಿ ಬೆಂಗಳೂರಿನಲ್ಲಿ ನಿಧನರಾದರು.

೨೦೨೩ರ ಕಾಯ್ದೆ

ನ್ಯಾಯಮೂರ್ತಿ ಬಿ. ಎನ್. ಶ್ರೀಕೃಷ್ಣ ಸಮಿತಿಯು ೨೦೧೮ರ ಜುಲೈನಲ್ಲಿ ದತ್ತಾಂಶ ಸಂರಕ್ಷಣೆಯ ಕರಡನ್ನು ಸಲ್ಲಿಸಿತು. ೨೦೧೯ರಲ್ಲಿ ಮಂಡನೆಯಾದ ಮಸೂದೆಯನ್ನು ೨೦೨೨ರ ಆಗಸ್ಟ್‌ನಲ್ಲಿ ಹಿಂಪಡೆಯಲಾಯಿತು. ಹೊಸದಾಗಿ ರೂಪಿಸಿದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಗೆ ೨೦೨೩ರ ಆಗಸ್ಟ್ ೧೧ರಂದು ರಾಷ್ಟ್ರಪತಿಗಳ ಅಂಕಿತ ದೊರೆಯಿತು. ಇದರ ನಿಯಮಗಳು ೨೦೨೫ರ ನವೆಂಬರ್‌ನಲ್ಲಿ ಪ್ರಕಟವಾದವು. ಸಂಸ್ಥೆಗಳ ಮುಖ್ಯ ಹೊಣೆಗಾರಿಕೆಗಳು ಜಾರಿಗೆ ಬರಲು ೧೮ ತಿಂಗಳ ಅವಧಿ ನೀಡಲಾಗಿದೆ. ಕಾಯ್ದೆಯ ಮುಖ್ಯಾಂಶಗಳು ಹೀಗಿವೆ:

• ಒಪ್ಪಿಗೆಯು ಮುಕ್ತವೂ ನಿರ್ದಿಷ್ಟವೂ ತಿಳಿವಳಿಕೆಯಿಂದ ಕೂಡಿದ್ದೂ ಆಗಿರಬೇಕು. ಅದನ್ನು ಕೊಟ್ಟಷ್ಟೇ ಸುಲಭವಾಗಿ ಹಿಂಪಡೆಯುವಂತಿರಬೇಕು.
• ಒಪ್ಪಿಗೆಯ ಸೂಚನೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೆಯ ಅನುಸೂಚಿಯ ೨೨ ಭಾಷೆಗಳಲ್ಲಿ ಯಾವುದರಲ್ಲಾದರೂ ಓದುವ ಅವಕಾಶವನ್ನು ಬಳಕೆದಾರನಿಗೆ ಕೊಡಬೇಕು. ಕನ್ನಡವು ಈ ಪಟ್ಟಿಯಲ್ಲಿದೆ.
• ತನ್ನ ಮಾಹಿತಿಯ ಸಾರಾಂಶವನ್ನು ಪಡೆಯುವ, ತಿದ್ದಿಸುವ, ಅಳಿಸುವ, ದೂರು ಸಲ್ಲಿಸುವ ಹಾಗೂ ಮರಣಾನಂತರ ಈ ಹಕ್ಕುಗಳನ್ನು ಚಲಾಯಿಸಲು ಮತ್ತೊಬ್ಬರನ್ನು ಹೆಸರಿಸುವ ಹಕ್ಕು ವ್ಯಕ್ತಿಗಿದೆ.
• ೧೮ ವರ್ಷದೊಳಗಿನವರ ಮಾಹಿತಿಯ ಬಳಕೆಗೆ ಪೋಷಕರ ಪರಿಶೀಲಿಸಬಹುದಾದ ಒಪ್ಪಿಗೆ ಬೇಕು; ಮಕ್ಕಳನ್ನು ಗುರಿಯಾಗಿಸಿದ ಜಾಹೀರಾತನ್ನು ನಿಷೇಧಿಸಲಾಗಿದೆ.
• ಉಲ್ಲಂಘನೆಗೆ ೨೫೦ ಕೋಟಿ ರೂಪಾಯಿಗಳವರೆಗೆ ದಂಡ ವಿಧಿಸಬಹುದು.

ಭಾಷೆಗೆ ಸಂಬಂಧಿಸಿದ ನಿಬಂಧನೆಗೆ ವಿಶೇಷ ಮಹತ್ವವಿದೆ. ಹತ್ತಾರು ಪುಟಗಳ ಇಂಗ್ಲಿಷ್ ಷರತ್ತುಗಳ ಕೆಳಗೆ 'ಒಪ್ಪುತ್ತೇನೆ' ಎಂಬ ಗುಂಡಿಯನ್ನು ಒತ್ತುವವನು ಏನನ್ನು ಒಪ್ಪಿದನೆಂಬುದು ಅವನಿಗೇ ತಿಳಿದಿರುವುದಿಲ್ಲ. ತಿಳಿಯದ ಭಾಷೆಯಲ್ಲಿ ಕೊಟ್ಟ ಒಪ್ಪಿಗೆಯನ್ನು ತಿಳಿವಳಿಕೆಯ ಒಪ್ಪಿಗೆ ಎನ್ನಲಾಗದು.

ಟೀಕೆಗಳು

ಕಾಯ್ದೆಯ ೧೭ನೆಯ ಸೆಕ್ಷನ್ ಸರ್ಕಾರವು ಸೂಚಿಸುವ ಸರ್ಕಾರಿ ಸಂಸ್ಥೆಗಳಿಗೆ ವಿಶಾಲವಾದ ವಿನಾಯಿತಿ ನೀಡುತ್ತದೆ. ಇದು ಪುಟ್ಟಸ್ವಾಮಿ ತೀರ್ಪಿನ ಆಶಯಕ್ಕೆ ಹೊಂದುವುದಿಲ್ಲವೆಂದು ವಿಮರ್ಶಕರು ಹೇಳುತ್ತಾರೆ. ಮಾಹಿತಿ ಹಕ್ಕು ಕಾಯ್ದೆಯ ೮(೧)(ಜೆ) ಸೆಕ್ಷನ್ನಿಗೆ ಮಾಡಿದ ತಿದ್ದುಪಡಿಯಿಂದ ಅಧಿಕಾರಿಗಳ ಕುರಿತ ಸಾರ್ವಜನಿಕ ಮಹತ್ವದ ಮಾಹಿತಿಯನ್ನೂ ನಿರಾಕರಿಸುವ ಅವಕಾಶ ಉಂಟಾಗಿದೆ ಎಂಬುದು ಮತ್ತೊಂದು ಆಕ್ಷೇಪ. ಎಲ್ಲ ನಾಗರಿಕ ಸೇವೆಗಳಿಗೂ ಪದೇ ಪದೇ ಒಪ್ಪಿಗೆ ಕೇಳುವುದು ಕಾರ್ಯಸಾಧ್ಯವಲ್ಲ, ಭದ್ರತೆ ಮತ್ತು ಅಪರಾಧ ತನಿಖೆಗೆ ವಿನಾಯಿತಿ ಅಗತ್ಯ ಎಂಬುದು ಕಾಯ್ದೆಯನ್ನು ಬೆಂಬಲಿಸುವವರ ವಾದ.

ಕರ್ನಾಟಕದ ಕೆಲವು ಪ್ರಸಂಗಗಳು

೨೦೧೭ರ ಜನವರಿಯಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವು ಒಂದು ಪ್ರಕರಣದಲ್ಲಿ ಮಹಿಳೆಯೊಬ್ಬರ ಹೆಸರು ಅಂತರಜಾಲದ ಹುಡುಕಾಟದಲ್ಲಿ ಕಾಣಿಸದಂತೆ ನೋಡಿಕೊಳ್ಳಲು ತನ್ನ ಕಚೇರಿಗೆ ನಿರ್ದೇಶಿಸಿತು. 'ಮರೆಯಲ್ಪಡುವ ಹಕ್ಕನ್ನು' ಭಾರತದ ನ್ಯಾಯಾಲಯವೊಂದು ಪ್ರಸ್ತಾಪಿಸಿದ ಆರಂಭಿಕ ನಿದರ್ಶನಗಳಲ್ಲಿ ಇದೂ ಒಂದು.

೨೦೨೦ರ ಮಾರ್ಚ್‌ನಲ್ಲಿ ಕೋವಿಡ್-೧೯ರ ಸಂದರ್ಭದಲ್ಲಿ ಮನೆಯಲ್ಲಿ ಪ್ರತ್ಯೇಕವಾಸದಲ್ಲಿದ್ದವರು 'ಕ್ವಾರಂಟೈನ್ ವಾಚ್' ಆ್ಯಪ್ ಮೂಲಕ ಹಗಲಿನ ವೇಳೆ ಗಂಟೆಗೊಮ್ಮೆ ತಮ್ಮ ಸ್ವಚಿತ್ರವನ್ನು ಕಳುಹಿಸಬೇಕೆಂದು ರಾಜ್ಯ ಸರ್ಕಾರ ಸೂಚಿಸಿತು. ಸಾರ್ವಜನಿಕ ಆರೋಗ್ಯ ಮತ್ತು ಖಾಸಗಿತನಗಳ ನಡುವಿನ ಸಮತೋಲನದ ಬಗ್ಗೆ ಇದು ಚರ್ಚೆಯನ್ನು ಹುಟ್ಟಿಸಿತು. ೨೦೨೨ರ ಮೇ ತಿಂಗಳಲ್ಲಿ ಆಧಾರ್ ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿಯು ಆಧಾರ್‌ನ ನೆರಳಚ್ಚು ಪ್ರತಿಯನ್ನು ಕಂಡಕಂಡವರಿಗೆ ಕೊಡಬಾರದೆಂದು ಎಚ್ಚರಿಸಿತು. ಪ್ರಕಟಣೆಯು ತಪ್ಪು ಅರ್ಥಕ್ಕೆ ಎಡೆಮಾಡುತ್ತದೆಂಬ ಕಾರಣ ನೀಡಿ ಎರಡೇ ದಿನಗಳಲ್ಲಿ ಅದನ್ನು ಹಿಂಪಡೆಯಲಾಯಿತು. ಅದೇ ವರ್ಷದ ಡಿಸೆಂಬರ್ ೧ರಂದು ಬೆಂಗಳೂರು, ದೆಹಲಿ ಮತ್ತು ವಾರಾಣಸಿ ವಿಮಾನ ನಿಲ್ದಾಣಗಳಲ್ಲಿ ಮುಖಚಹರೆಯನ್ನು ಗುರುತಿಸಿ ಒಳಬಿಡುವ 'ಡಿಜಿಯಾತ್ರಾ' ವ್ಯವಸ್ಥೆ ಆರಂಭವಾಯಿತು. ಸಾಲು ತಪ್ಪುತ್ತದೆಂದು ಕೆಲವರು ಇದನ್ನು ಮೆಚ್ಚಿದರೆ, ಮುಖವೇ ಗುರುತುಪತ್ರವಾಗುವುದರ ದೂರಗಾಮಿ ಪರಿಣಾಮಗಳ ಬಗ್ಗೆ ಇತರರು ಆತಂಕ ವ್ಯಕ್ತಪಡಿಸಿದ್ದಾರೆ.

ಮುನ್ನೆಚ್ಚರಿಕೆಗಳು

ಸಾಮಾನ್ಯ ಬಳಕೆದಾರರು ಅನುಸರಿಸಬಹುದಾದ ಕ್ರಮಗಳು:

• ಫೋನಿನ ಸೆಟ್ಟಿಂಗ್ಸ್‌ನಲ್ಲಿ ಅನುಮತಿಗಳನ್ನು ಆಗಾಗ ಪರಿಶೀಲಿಸುವುದು. ಟಾರ್ಚ್ ಆ್ಯಪ್‌ಗೆ ಸಂಪರ್ಕಪಟ್ಟಿಯ, ಚದುರಂಗದ ಆಟಕ್ಕೆ ಸ್ಥಳ ಮಾಹಿತಿಯ ಅಗತ್ಯವಿರುವುದಿಲ್ಲ.
• ಜಾಹೀರಾತು ಗುರುತನ್ನು ಅಳಿಸುವುದು; ಸ್ಥಳದ ಅನುಮತಿಯನ್ನು 'ಬಳಸುವಾಗ ಮಾತ್ರ' ಎಂದು ಮಿತಗೊಳಿಸುವುದು.
• ಒಂದೊಂದು ಖಾತೆಗೂ ಬೇರೆ ಗುಪ್ತಪದ ಇಟ್ಟು, ಎರಡು ಹಂತದ ದೃಢೀಕರಣವನ್ನು ಬಳಸುವುದು.
• ಗುರುತಿನ ಪುರಾವೆ ಕೇಳಿದಲ್ಲಿ, ಸಾಧ್ಯವಿದ್ದ ಕಡೆ, ಕೊನೆಯ ನಾಲ್ಕು ಅಂಕಿಗಳನ್ನಷ್ಟೇ ತೋರಿಸುವ ಮರೆಮಾಚಿದ ಆಧಾರ್ ಕೊಡುವುದು. ಆಧಾರ್‌ನ ಬೆರಳಚ್ಚು ಬಳಕೆಗೆ ಬೀಗ ಹಾಕುವ ಸೌಲಭ್ಯವನ್ನು ಬಳಸುವುದು.
• ಅಂಗಡಿಯಲ್ಲಿ ಬಿಲ್ಲಿಗಾಗಿ ಮೊಬೈಲ್ ಸಂಖ್ಯೆ ಕೇಳಿದಾಗ ನಿರಾಕರಿಸುವ ಹಕ್ಕು ಗ್ರಾಹಕನಿಗಿದೆ ಎಂಬುದನ್ನು ತಿಳಿದಿರುವುದು. ಸಂಖ್ಯೆಗಾಗಿ ಒತ್ತಾಯಿಸಬಾರದೆಂದು ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆಯು ೨೦೨೩ರ ಮೇ ತಿಂಗಳಲ್ಲಿ ವ್ಯಾಪಾರಿಗಳಿಗೆ ಸೂಚಿಸಿದೆ.
• ಪೊಲೀಸರ ಅಥವಾ ತನಿಖಾ ಸಂಸ್ಥೆಯ ಹೆಸರಿನಲ್ಲಿ ವಿಡಿಯೋ ಕರೆ ಮಾಡಿ 'ಡಿಜಿಟಲ್ ಬಂಧನ' ಎಂದು ಹೆದರಿಸಿದರೆ ನಂಬದಿರುವುದು. ಅಂತಹ ಬಂಧನ ಕಾನೂನಿನಲ್ಲಿ ಇಲ್ಲ. ಹಣ ಕಳೆದುಕೊಂಡವರು ಕೂಡಲೇ ೧೯೩೦ ಸಹಾಯವಾಣಿಗೆ ಕರೆ ಮಾಡಬೇಕು.

ಸೋರಿಕೆಯಾದ ಮಾಹಿತಿಯು ವಂಚಕರ ಕೈ ಸೇರಿದಾಗ ಕರೆ ಮಾಡಿದವನು ಹೆಸರು, ವಿಳಾಸ, ಬ್ಯಾಂಕಿನ ಹೆಸರು ಎಲ್ಲವನ್ನೂ ಸರಿಯಾಗಿ ಹೇಳಬಲ್ಲನು. ಇಷ್ಟೆಲ್ಲ ತಿಳಿದಿರುವವನು ನಿಜವಾದ ಅಧಿಕಾರಿಯೇ ಇರಬೇಕೆಂಬ ನಂಬಿಕೆಯೇ ವಂಚನೆಗೆ ತಳಹದಿಯಾಗುತ್ತದೆ. ವಿದ್ಯಾವಂತರೂ ನಿವೃತ್ತರೂ ಇದಕ್ಕೆ ಬಲಿಯಾಗಿ ಜೀವಮಾನದ ಉಳಿತಾಯವನ್ನು ಕಳೆದುಕೊಂಡಿದ್ದಾರೆ. ಅಮೂರ್ತವಾದ ಹಕ್ಕಿನಂತೆ ತೋರುವ ಖಾಸಗಿತನಕ್ಕೂ ಮನೆಯ ನೆಮ್ಮದಿಗೂ ಇರುವ ನೇರ ಸಂಬಂಧ ಇಲ್ಲಿ ಕಾಣುತ್ತದೆ.